ಎರಡನೇ ಸ್ತರದ ಏಷ್ಯಾ: ಎಎಫ್‌ಸಿ ಕಪ್ ಚರಿತ್ರೆಯಲ್ಲಿ ಕರ್ನಾಟಕ

2016ರ ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ವಿರುದ್ಧ ಬೆಂಗಳೂರು ಎಫ್‌ಸಿ 0-1ರಿಂದ ಸೋತಿತು. ಅದು ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಎರಡನೇ ಸ್ತರದ ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್ಪಿನ ಫೈನಲ್; ಅಲ್ಲಿಗೆ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಗ್ಗಳಿಕೆ ಬೆಂಗಳೂರಿಗೆ ದಕ್ಕಿತು. ಕರ್ನಾಟಕದ ಫುಟ್‌ಬಾಲ್ ಏಷ್ಯಾ ಖಂಡದ ಅಂಗಳಕ್ಕೆ ಇಳಿದದ್ದು ಆಗಲೇ ಎಂಬ ಮಾತೂ ಆ ದಿನಗಳಲ್ಲಿ ಕೇಳಿಬಂತು. ಆ ಮಾತು ನಿಜವಲ್ಲ. ಅದಕ್ಕೂ 47 ವರ್ಷ ಮೊದಲು, 1969ರಲ್ಲಿ, ಮೈಸೂರು ರಾಜ್ಯದ ತಂಡವೊಂದು ಬ್ಯಾಂಕಾಕಿನಲ್ಲಿ ನಡೆದ ಏಷ್ಯನ್ ಚಾಂಪಿಯನ್ ಕ್ಲಬ್ ಟೂರ್ನಿಯಲ್ಲಿ ಆಡಿ ನಾಲ್ಕನೇ ಸ್ಥಾನ ಪಡೆದಿತ್ತು. ಈ ಎರಡು ಘಟನೆಗಳನ್ನು ಒಂದೇ ಚರಿತ್ರೆಯಾಗಿ ಓದಿದಾಗ ಮಾತ್ರ ಎರಡನೇ ಸ್ತರದ ಖಂಡಮಟ್ಟದ ಟೂರ್ನಿಯೊಂದು ನಮ್ಮ ರಾಜ್ಯಕ್ಕೆ ಏನು ಕೊಟ್ಟಿತು, ಎಲ್ಲಿಗೆ ಬಂದು ನಿಂತಿತು ಎಂಬುದು ತಿಳಿಯುತ್ತದೆ.

1969ರ ಪ್ರಸಂಗದಲ್ಲಿ ಒಂದು ವಿಚಿತ್ರವಿದೆ. ಕ್ಲಬ್‌ಗಳ ಟೂರ್ನಿಗೆ ರಾಜ್ಯ ತಂಡ ಹೋದದ್ದು ಹೇಗೆ? ಆಗ ಭಾರತದಲ್ಲಿ ರಾಷ್ಟ್ರೀಯ ಕ್ಲಬ್ ಲೀಗ್ ಎಂಬುದೇ ಇರಲಿಲ್ಲ. ಅಂಥದ್ದೊಂದು ಶುರುವಾದದ್ದು 1996ರಲ್ಲಿ. ಕೋಲ್ಕತ್ತದ ಲೀಗ್, ಮುಂಬೈಯ ರೋವರ್ಸ್ ಕಪ್, ದೆಹಲಿಯ ಡುರಾಂಡ್ ಇವೆಲ್ಲ ದೊಡ್ಡ ಹೆಸರುಗಳೇ ಆದರೂ ದೇಶದ ಚಾಂಪಿಯನ್ ಯಾರು ಎಂದು ನಿರ್ಣಯಿಸುವ ಅಧಿಕಾರ ಇದ್ದದ್ದು ರಾಜ್ಯ ತಂಡಗಳ ಸಂತೋಷ್ ಟ್ರೋಫಿಗೆ. ಮೈಸೂರು ಅದನ್ನು 1946-47 ಮತ್ತು 1952-53ರಲ್ಲಿ ಗೆದ್ದಿತ್ತು. 1967-68, 1968-69ರಲ್ಲಿ ಸತತವಾಗಿ ಮತ್ತೆ ಗೆದ್ದಿತು. ಹಾಗಾಗಿ ರಾಷ್ಟ್ರೀಯ ಚಾಂಪಿಯನ್ ಎಂಬ ನೆಲೆಯಲ್ಲಿ ಮೈಸೂರು ಬ್ಯಾಂಕಾಕಿಗೆ ಹೋಯಿತು. ಮರುವರ್ಷ ಟೆಹರಾನಿಗೆ ಪಶ್ಚಿಮ ಬಂಗಾಳ ಹೋದದ್ದೂ ಇದೇ ದಾರಿಯಿಂದ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸಿನಿಂದ ಬೇರ್ಪಟ್ಟು ಮೈಸೂರನ್ನು ಸೇರಿದ್ದ ದಕ್ಷಿಣ ಕನ್ನಡಕ್ಕೆ, ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೂ, ಕಾಗದದ ಮೇಲೆ ಅದು ತಮ್ಮದೇ ತಂಡ. ಇಡೀ ರಾಜ್ಯದ ಹೆಸರು ಹೊತ್ತು ಏಷ್ಯಾದ ಕ್ಲಬ್ ಟೂರ್ನಿಯಲ್ಲಿ ಆಡಿದ ತಂಡ ಅದಾದ ಮೇಲೆ ನಮಗೆ ಇನ್ನೊಂದು ಸಿಕ್ಕಿಲ್ಲ.

ಆ ಟೂರ್ನಿ ಗೆದ್ದದ್ದು ಮಕ್ಕಾಬಿ ಟೆಲ್ ಅವೀವ್. ಇಸ್ರೇಲ್ ಆಗ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಸದಸ್ಯ ದೇಶ. 1971ರ ಫೈನಲ್‌ನಲ್ಲಿ ಮಕ್ಕಾಬಿ ವಿರುದ್ಧ ಆಡಲು ಇರಾಕಿನ ಪೊಲೀಸ್ ತಂಡ ನಿರಾಕರಿಸಿತು. ಅದಾದ ಮೇಲೆ ಟೂರ್ನಿಯೇ ನಿಂತುಹೋಗಿ 1985ರವರೆಗೂ ಮರಳಲಿಲ್ಲ. 1974ರಲ್ಲಿ ಇಸ್ರೇಲನ್ನು ಏಷ್ಯನ್ ಒಕ್ಕೂಟದಿಂದ ಹೊರಗಿಡಲಾಯಿತು. ಮೈಸೂರಿನ ಸಾಧನೆ ಜನರ ನೆನಪಿನಿಂದ ಜಾರಿದ್ದಕ್ಕೆ ಈ ದೀರ್ಘ ವಿರಾಮವೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ಮುಂದುವರಿಯದ ಟೂರ್ನಿಯ ದಾಖಲೆಯನ್ನು ಕಾಯುವವರಾದರೂ ಯಾರು?

ಟೂರ್ನಿ ಮರಳಿ ಬಂದ ಮೇಲೆ ಏಷ್ಯಾದ ಕ್ಲಬ್ ಫುಟ್‌ಬಾಲಿನಲ್ಲಿ ಸ್ತರಗಳು ಹುಟ್ಟಿದವು. 1990ರ ಹೊತ್ತಿಗೆ ಕಪ್ ವಿಜೇತರಿಗಾಗಿ ಪ್ರತ್ಯೇಕ ಟೂರ್ನಿ ಬಂತು. 2002ರಲ್ಲಿ ಅದನ್ನು ಹೊಸ ಚಾಂಪಿಯನ್ಸ್ ಲೀಗ್‌ನಲ್ಲಿ ಕರಗಿಸಲಾಯಿತು. ಮೊಹಮ್ಮದ್ ಬಿನ್ ಹಮ್ಮಾಮ್ ಅಧ್ಯಕ್ಷರಾಗಿದ್ದಾಗ ಒಕ್ಕೂಟವು 'ವಿಷನ್ ಏಷ್ಯಾ' ಎಂಬ ಯೋಜನೆಯಡಿ ಸದಸ್ಯ ದೇಶಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಬಲಿತ ದೇಶಗಳ ಕ್ಲಬ್‌ಗಳಿಗೆ ಚಾಂಪಿಯನ್ಸ್ ಲೀಗ್, ಬೆಳೆಯುತ್ತಿರುವ ದೇಶಗಳಿಗೆ 2004ರಿಂದ ಎಎಫ್‌ಸಿ ಕಪ್, ಈಗಷ್ಟೇ ತಲೆ ಎತ್ತುತ್ತಿರುವ ದೇಶಗಳಿಗೆ 2005ರಿಂದ ಪ್ರೆಸಿಡೆಂಟ್ಸ್ ಕಪ್. ಭಾರತ ಬಿದ್ದದ್ದು ನಡುವಿನ ವರ್ಗಕ್ಕೆ.

ಎರಡನೇ ಸ್ತರ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಮೂಡುಬಿದಿರೆಯ ಕಡಲಕೆರೆಯಲ್ಲೋ ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿಯಲ್ಲೋ ಕಂಬಳ ನೋಡಿದವರಿಗೆ ಈ ವ್ಯವಸ್ಥೆಯನ್ನು ವಿವರಿಸಬೇಕಾಗಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಅಲ್ಲಿ ವಿಭಾಗಗಳಿವೆ. ಕಿರಿಯದಲ್ಲಿ ಗೆದ್ದ ಕೋಣಗಳ ಯಜಮಾನ ತಲೆ ತಗ್ಗಿಸುವುದಿಲ್ಲ. ಇವತ್ತು ಕಿರಿಯದಲ್ಲಿ ಓಡಿದ ಜೋಡಿಯೇ ನಾಳೆ ಹಿರಿಯಕ್ಕೆ ಏರುತ್ತದೆ. ಎಎಫ್‌ಸಿ ಕಪ್ಪಿನ ಮೂಲ ಆಶಯವೂ ಸರಿಸಮಾನರನ್ನು ಸರಿಸಮಾನರೊಡನೆ ಓಡಿಸುವುದೇ ಆಗಿತ್ತು. ಏರುವ ದಾರಿ ಮಾತ್ರ ಅಲ್ಲಿ ಬಹಳ ಇಕ್ಕಟ್ಟಿನದಾಗಿತ್ತು. ಅದನ್ನು ಮುಂದೆ ನೋಡೋಣ.

ಆರಂಭದ ವರ್ಷಗಳು ಪಶ್ಚಿಮ ಏಷ್ಯಾದವು. 2004ರಲ್ಲಿ ಸಿರಿಯಾದ ಎರಡು ಕ್ಲಬ್‌ಗಳೇ ಫೈನಲ್ ಆಡಿ, ಎದುರಾಳಿ ಅಂಗಳದ ಗೋಲುಗಳ ಲೆಕ್ಕದಲ್ಲಿ ಅಲ್ ಜೈಶ್ ಗೆದ್ದಿತು. 2005, 2006ರಲ್ಲಿ ಜೋರ್ಡನ್ನಿನ ಅಲ್ ಫೈಸಲಿ. ಕುವೈತಿನ ಅಲ್ ಕುವೈತ್ ಕ್ಲಬ್ 2009, 2012, 2013ರಲ್ಲಿ, ಹೀಗೆ ಮೂರು ಬಾರಿ ಗೆದ್ದಿತು. ನಡುವೆ 2011ರಲ್ಲಿ ಉಜ್ಬೇಕಿಸ್ತಾನದ ನಸಾಫ್ ಕಪ್ ಒಯ್ದಿತು. ಆಗ್ನೇಯ ಏಷ್ಯಾಕ್ಕೆ ಈ ಕಪ್ ಮೊದಲು ತಂದದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, 2015ರಲ್ಲಿ. ಭಾರತದ ಮಟ್ಟಿಗೆ 2008ರಲ್ಲಿ ಗೋವಾದ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋಗಿ ನಿಂತಿದ್ದವು.

ಕರ್ನಾಟಕ ಈ ಕಥೆಯೊಳಗೆ ಬಂದದ್ದು ತೀರ ತಡವಾಗಿ. ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ಸ್ವಾತಂತ್ರ್ಯಾನಂತರ ಆಟವನ್ನು ಸಾಕಿದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು. ಆಟಗಾರನಿಗೆ ಅಲ್ಲಿ ನೌಕರಿ ಸಿಗುತ್ತಿತ್ತು, ಸಂಜೆ ಅಂಗಳವೂ ಸಿಗುತ್ತಿತ್ತು. ವೃತ್ತಿಪರ ಲೀಗ್ ಬಂದಾಗ ಆ ಮಾದರಿ ತಾಳಲಿಲ್ಲ. 2011-12ರ ಐ-ಲೀಗ್‌ನಲ್ಲಿ ಎಚ್‌ಎಎಲ್ ಕೊನೆಯ ಸ್ಥಾನಕ್ಕೆ ಕುಸಿದು ಹೊರಬಿತ್ತು. ಮುಂದಿನ ಒಂದು ವರ್ಷ ರಾಷ್ಟ್ರೀಯ ಲೀಗ್‌ನಲ್ಲಿ ರಾಜ್ಯದ ಹೆಸರೇ ಅಳಿಸಿಹೋಗಿತ್ತು. 2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಮೊದಲ ಋತುವಿನಲ್ಲೇ ಐ-ಲೀಗ್ ಚಾಂಪಿಯನ್.

ಚಾಂಪಿಯನ್ ಆದ ಕ್ಲಬ್ಬಿಗೆ ಏಷ್ಯಾದ ಮೊದಲ ಸ್ತರದ ಬಾಗಿಲನ್ನು ವರ್ಷಕ್ಕೆ ಒಮ್ಮೆ ಮಾತ್ರ ತಟ್ಟುವ ಅವಕಾಶವಿತ್ತು. 2015ರ ಆರಂಭದಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯಕ್ಕಾಗಿ ಬೆಂಗಳೂರು ಜೊಹೊರ್‌ಗೆ ಹೋಯಿತು. ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತು ಎಎಫ್‌ಸಿ ಕಪ್ಪಿಗೆ ಇಳಿಯಿತು. ಏರುವ ದಾರಿ ಇಕ್ಕಟ್ಟಿನದು ಎಂದದ್ದು ಇದಕ್ಕೇ: ಒಂದೇ ಪಂದ್ಯ, ಅದೂ ಎದುರಾಳಿಯ ಅಂಗಳದಲ್ಲಿ. ಆ ವರ್ಷ ಹದಿನಾರರ ಘಟ್ಟದಲ್ಲಿ ಹಾಂಗ್‌ಕಾಂಗಿನ ಸೌತ್ ಚೈನಾ ತಂಡ ತವರಿನ ಕಂಠೀರವ ಕ್ರೀಡಾಂಗಣದಲ್ಲೇ ಬೆಂಗಳೂರನ್ನು ಸೋಲಿಸಿತು.

2016ರ ಅಭಿಯಾನವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು, ಏಕೆಂದರೆ ಅದು ಗೆಲುವುಗಳ ಸರಮಾಲೆಯಲ್ಲ. ಜೊಹೊರ್, ಲಾವೋಸಿನ ಲಾವೊ ಟೊಯೊಟಾ, ಮ್ಯಾನ್ಮಾರಿನ ಅಯೆಯಾವಾಡಿ ಯುನೈಟೆಡ್ ಇದ್ದ ಗುಂಪಿನಲ್ಲಿ ಬೆಂಗಳೂರು ಆರರಲ್ಲಿ ಮೂರು ಗೆದ್ದು ಮೂರು ಸೋತಿತು. ಜೊಹೊರ್ ವಿರುದ್ಧ ಎರಡೂ ಕಡೆ ಸೋಲು. ಎರಡನೇ ಸ್ಥಾನದಲ್ಲಿ ಮುಂದೆ ಸಾಗಿ, ಮೇ 25ರಂದು ಹಾಂಗ್‌ಕಾಂಗಿನಲ್ಲಿ ಕಿಚ್ಚಿಯನ್ನು 3-2ರಿಂದ ಮಣಿಸಿತು. ಅಲ್ಲಿಗೆ ವೆಸ್ಟ್‌ವುಡ್ ಅವಧಿ ಮುಗಿಯಿತು. ಜುಲೈಯಲ್ಲಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದವರು. ಒಂದೇ ಟೂರ್ನಿಯ ಅರ್ಧವನ್ನು ಇಂಗ್ಲಿಷ್ ಪದ್ಧತಿಯ ನೇರ, ಗಟ್ಟಿ ಆಟದಲ್ಲೂ ಉಳಿದರ್ಧವನ್ನು ಚೆಂಡನ್ನು ಕಾಲಲ್ಲೇ ಇಟ್ಟುಕೊಳ್ಳುವ ಆಟದಲ್ಲೂ ದಾಟಿದ ತಂಡ ಇದು. ಫೈನಲಿನ ಶ್ರೇಯವನ್ನು ರೋಕಾ ಒಬ್ಬರ ಹೆಸರಿಗೇ ಬರೆಯುವ ರೂಢಿ ಬೆಳೆದಿದೆ. ಹಾಂಗ್‌ಕಾಂಗಿನ ಆ ಗೆಲುವಿಲ್ಲದೆ ಅವರಿಗೆ ಈ ಟೂರ್ನಿಯೇ ಸಿಗುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ವಿರುದ್ಧ ಕಂಠೀರವದಲ್ಲಿ ಸಿ.ಕೆ. ವಿನೀತ್ ಗೋಲಿನಿಂದ 1-0 ಗೆಲುವು, ಅಲ್ಲಿ 0-0. ಸೆಮಿಫೈನಲ್‌ನಲ್ಲಿ ಮತ್ತೆ ಜೊಹೊರ್. ಹಾಲಿ ಚಾಂಪಿಯನ್, ಹಿಂದಿನ ಮೂರು ಮುಖಾಮುಖಿಗಳಲ್ಲೂ ಬೆಂಗಳೂರನ್ನು ಸೋಲಿಸಿದ ತಂಡ. ಸೆಪ್ಟೆಂಬರ್ 28ರಂದು ಅವರ ಅಂಗಳದಲ್ಲಿ ಯೂಜಿನ್‌ಸನ್ ಲಿಂಗ್ಡೊ ಗೋಲಿನಿಂದ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಹೊಡೆದದ್ದು ಜೊಹೊರ್‌ನ ಸಫೀಕ್ ರಹೀಮ್. ವಿರಾಮಕ್ಕೆ ಸ್ವಲ್ಪ ಮೊದಲು ಛೆಟ್ರಿ ಸಮ ಮಾಡಿದರು, ದ್ವಿತೀಯಾರ್ಧದಲ್ಲಿ ಇನ್ನೊಂದು ಹೊಡೆದರು, ರಕ್ಷಣಾ ಆಟಗಾರ ಹುವಾನನ್ ಮೂರನೆಯದನ್ನು ಸೇರಿಸಿದರು. 3-1; ಒಟ್ಟು 4-2. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ, ಓಟದ ಟ್ರ್ಯಾಕಿನಿಂದಾಗಿ ಪ್ರೇಕ್ಷಕರು ಆಟಕ್ಕೆ ದೂರವೇ ಕೂರುವ ಅಂಗಳದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಆ ದೂರವನ್ನು ಇಲ್ಲವಾಗಿಸಿದ ರಾತ್ರಿ ಅದು. ಕರ್ನಾಟಕದ ನೆಲದಲ್ಲಿ ನಡೆದ ಅತ್ಯಂತ ಮಹತ್ವದ ಕ್ಲಬ್ ಪಂದ್ಯ ಇದೇ ಎನ್ನಲು ನನಗೆ ಅಳುಕಿಲ್ಲ.

ದೋಹಾದ ಫೈನಲ್ ಹೆಸರಿಗಷ್ಟೇ ತಟಸ್ಥ ಅಂಗಳದ್ದು. ಭದ್ರತೆಯ ಕಾರಣದಿಂದ ಇರಾಕಿನ ಕ್ಲಬ್‌ಗಳು ತಮ್ಮ ದೇಶದಲ್ಲಿ ಆಡುವಂತಿರಲಿಲ್ಲ. ಏರ್ ಫೋರ್ಸ್ ಕ್ಲಬ್ಬಿಗೆ ದೋಹಾವೇ ತವರಾಗಿತ್ತು. 1931ರಲ್ಲಿ ಹುಟ್ಟಿದ ಆ ಕ್ಲಬ್ಬಿನ ಎದುರು ನಿಂತದ್ದು ಮೂರು ವರ್ಷದ ಕ್ಲಬ್. ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಕಾರಣ ಹೊರಗುಳಿದರು. ಅವರ ಜಾಗಕ್ಕೆ ಬಂದ ಲಾಲ್‌ತುವಮ್ಮಾವಿಯ ರಾಲ್ತೆ ಹಲವು ಹೊಡೆತಗಳನ್ನು ತಡೆದರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದರು. ಆ ಟೂರ್ನಿಯಲ್ಲಿ ಅದು ಅವರ 16ನೆಯದು. ಏರ್ ಫೋರ್ಸ್ ಕ್ಲಬ್ 2017, 2018ರಲ್ಲೂ ಗೆದ್ದು ಸತತ ಮೂರು ಬಾರಿ ಕಪ್ ಎತ್ತಿತು; 2018ರ ಫೈನಲನ್ನು ಕೊನೆಗೂ ಸ್ವದೇಶದ ಬಸ್ರಾದಲ್ಲಿ ಆಡಿತು. ಬೆಂಗಳೂರು ಸೋತದ್ದು ಆ ದಶಕದಲ್ಲಿ ಈ ಸ್ತರದ ಅತ್ಯಂತ ಬಲಿಷ್ಠ ತಂಡಕ್ಕೆ.

ಮುಂದಿನ ವರ್ಷವೂ ತಂಡ ದೂರ ಸಾಗಿತು. 2017ರಿಂದ ಟೂರ್ನಿಯನ್ನು ವಲಯಗಳಾಗಿ ಒಡೆದಿದ್ದರಿಂದ ದಕ್ಷಿಣ ಏಷ್ಯಾ ವಲಯ ಗೆದ್ದ ಬೆಂಗಳೂರಿಗೆ ಉತ್ತರ ಕೊರಿಯಾದ ಏಪ್ರಿಲ್ 25 ತಂಡ ಎದುರಾಯಿತು: ಕಂಠೀರವದಲ್ಲಿ 3-0, ಪ್ಯಾಂಗ್ಯಾಂಗ್‌ನಲ್ಲಿ 0-0. ಬಳಿಕ ತಜಿಕಿಸ್ತಾನದ ಇಸ್ತಿಕ್ಲೋಲ್‌ಗೆ ಒಟ್ಟು 2-3ರಿಂದ ಮಣಿಯಿತು. 2018ರಲ್ಲಿ ತುರ್ಕಮೆನಿಸ್ತಾನದ ಅಲ್ತಿನ್ ಅಸಿರ್ ತಡೆಯಿತು. 2020ರ ಆರಂಭದಲ್ಲಿ ಭೂತಾನದ ಪಾರೊ ವಿರುದ್ಧ 9-1ರ ಗೆಲುವು, ಅದರ ಬೆನ್ನಲ್ಲೇ ಮಾಲ್ಡೀವ್ಸ್‌ನ ಮಾಜಿಯಾ ಎದುರು ಪೆನಾಲ್ಟಿ ಸೋಲು. 2021ರಲ್ಲಿ ಗುಂಪು ಹಂತದಲ್ಲೇ ಮುಕ್ತಾಯ. 2024-25ರಲ್ಲಿ ಎಎಫ್‌ಸಿ ಕಪ್ಪಿನ ಜಾಗಕ್ಕೆ ಚಾಂಪಿಯನ್ಸ್ ಲೀಗ್ ಟೂ ಬಂದಾಗ ಭಾರತದ ಪರ ಆಡಲು ಅರ್ಹತೆ ಪಡೆದದ್ದು ಮೋಹನ್ ಬಾಗಾನ್. ಎಎಫ್‌ಸಿ ಕಪ್ ಎಂಬ ಹೆಸರಿನ ಕೊನೆಯ ಆವೃತ್ತಿಯನ್ನು ಆಸ್ಟ್ರೇಲಿಯಾದ ಸೆಂಟ್ರಲ್ ಕೋಸ್ಟ್ ಮರೈನರ್ಸ್ ಗೆದ್ದಿತ್ತು.

ಇನ್ನು ಘಟ್ಟದ ಕೆಳಗಿನ ಮಾತು. 1969ರ ತಂಡ ರಾಜ್ಯದ್ದು. 2016ರ ತಂಡ ನಗರದ್ದು. ನಡುವೆ ಬದಲಾದದ್ದು ಯಾರು ಯಾರನ್ನು ಪ್ರತಿನಿಧಿಸುತ್ತಾರೆ ಎಂಬ ಪ್ರಶ್ನೆಯ ಉತ್ತರ. ರಾಜ್ಯ ತಂಡಕ್ಕೆ ಸೇರಲು ಜಿಲ್ಲಾ ಸಂಸ್ಥೆಯ ಆಯ್ಕೆಯ ದಾರಿ ಇತ್ತು. ಕ್ಲಬ್ ಫುಟ್‌ಬಾಲಿನಲ್ಲಿ ಆ ದಾರಿ ಲೀಗ್‌ನ ಮೂಲಕವೇ ಹೋಗಬೇಕು. ಆದರೆ ನಮ್ಮ ರಾಜ್ಯದ ಉನ್ನತ ಲೀಗ್ ಬೆಳೆದದ್ದು ಬೆಂಗಳೂರು ಜಿಲ್ಲಾ ಲೀಗ್ ಆಗಿ. ಐಟಿಐ, ಎಚ್‌ಎಎಲ್, ಬೆಂಗಳೂರು ಎಫ್‌ಸಿ, 2023-24ರ ಐ-ಲೀಗ್ 2 ಗೆದ್ದು ಮೇಲೇರಿದ ಎಸ್‌ಸಿ ಬೆಂಗಳೂರು, ಎಲ್ಲವೂ ಒಂದೇ ಊರಿನವು. ಮಂಗಳೂರಿನ ನೆಹರೂ ಮೈದಾನದಲ್ಲಿ ಫುಟ್‌ಬಾಲ್ ಉಸಿರಾಡುತ್ತಿದೆ, ಉಳ್ಳಾಲದಲ್ಲಿ ಜೀವ ಬಿಟ್ಟು ಆಡುವವರಿದ್ದಾರೆ, ಗಡಿಯಾಚೆ ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದ ಹುಡುಗರು ದೇಶದ ಕ್ಲಬ್‌ಗಳಿಗೆ ಹೋಗಿದ್ದಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಕ್ರೀಡೆಯ ಕೊರತೆ ಇಲ್ಲವೇ ಇಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜಿನ ವಾಲಿಬಾಲ್, ಮೂಡುಬಿದಿರೆಯ ಆಳ್ವಾಸ್‌ನ ಅಥ್ಲೆಟಿಕ್ಸ್ ಮತ್ತು ಮಲ್ಲಕಂಬ, ಊರೂರಿನ ಕಬಡ್ಡಿ ಇವಕ್ಕೆಲ್ಲ ಬೇರು ಇದೆ, ನೀರೆರೆಯುವ ಸಂಸ್ಥೆಗಳೂ ಇವೆ. ಇಲ್ಲದಿರುವುದು ಫುಟ್‌ಬಾಲಿಗೆ ಮೇಲೇರುವ ದಾರಿ.

ಏಷ್ಯಾದ ಒಕ್ಕೂಟ ಕ್ಲಬ್ ಪರವಾನಗಿಗೆ ಕೇಳುವ ಐದು ಬಗೆಯ ಅರ್ಹತೆಗಳಲ್ಲಿ ಮೊದಲನೆಯದು ಕ್ರೀಡಾ ಅರ್ಹತೆ, ಅಂದರೆ ಎಳೆಯರ ತಂಡಗಳು ಮತ್ತು ಅವರಿಗೆ ತರಬೇತಿ. ಮೂಲಸೌಕರ್ಯ, ಸಿಬ್ಬಂದಿ, ಕಾನೂನು, ಹಣಕಾಸು ಅದರ ನಂತರ. ಜೆಎಸ್‌ಡಬ್ಲ್ಯು ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ವಸತಿ ಅಕಾಡೆಮಿ ತೆರೆದದ್ದು ಈ ದಿಕ್ಕಿನಲ್ಲೇ. ಕರಾವಳಿಯಲ್ಲಿ ಶಾಲೆ, ಕಾಲೇಜು, ವಸತಿ ನಿಲಯ, ಮೈದಾನ, ಕ್ರೀಡಾ ದತ್ತು ಯೋಜನೆಗಳ ರೂಪದಲ್ಲಿ ಆ ಮೊದಲ ಅರ್ಹತೆಯ ಅರ್ಧ ಕೆಲಸ ಈಗಾಗಲೇ ಆಗಿದೆ. ಆಗಬೇಕಾದ ಉಳಿದರ್ಧ ಜಿಲ್ಲಾ ಲೀಗಿನ ವಿಜೇತರಿಗೆ ರಾಜ್ಯದ ಉನ್ನತ ಲೀಗ್‌ನಲ್ಲಿ ಒಂದು ಸ್ಥಾನ, ಮತ್ತು ಆ ಸ್ಥಾನವನ್ನು ಆಡಲು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಪ್ರತಿ ವಾರ ಹತ್ತಿ ಇಳಿಯುವ ತಂಡದ ಪ್ರಯಾಣದ ಖರ್ಚು.