ಸುಂಕದಿಂದ ಎಚ್ಚರಿಕೆಯವರೆಗೆ: ಗಾಂಜಾ–ಭಂಗಿ ವ್ಯಾಪಾರದಲ್ಲಿ ಮಾರಾಟಗಾರನ ಹೊಣೆ

ವಿಜಯಪುರ–ಸೋಲಾಪುರ ಹೆದ್ದಾರಿಯಲ್ಲಿರುವ ಇಂಡಿ ಸೀಮೆಯ ಝಳಕಿ, 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಗಡಿಯೂರು. ಆದ್ದರಿಂದ ಈ ಭಾಗದ ಗಾಂಜಾ ಮತ್ತು ಭಂಗಿ ವ್ಯಾಪಾರದ ಕಾನೂನು ಇತಿಹಾಸವನ್ನು 1878ರ ಮುಂಬಯಿ ಅಬಕಾರಿ ಕಾಯ್ದೆಯಿಂದಲೇ ಗುರುತಿಸಬೇಕಾಗುತ್ತದೆ. ಈ ವ್ಯಾಪಾರದಲ್ಲಿ ಮಾರುವವನು ಬಹುಕಾಲ ಸರಕಾರಕ್ಕೆ ಹೊಣೆಗಾರನಾಗಿದ್ದನೇ ಹೊರತು ಕೊಳ್ಳುವವನಿಗಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಬಕಾರಿ ವ್ಯವಸ್ಥೆಯ ಆಧಾರಗಳು ಪರವಾನಗಿ, ಸುಂಕ ಮತ್ತು ದಾಸ್ತಾನಿನ ಮಿತಿ. 1893ರಲ್ಲಿ ನೇಮಕಗೊಂಡ ಭಾರತೀಯ ಗಾಂಜಾ ಆಯೋಗವು ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಸಲ್ಲಿಸಿತು. 1892ರಲ್ಲಿ ಹುಚ್ಚಾಸ್ಪತ್ರೆಗಳ ದಾಖಲೆಗಳು 222 ಪ್ರಕರಣಗಳಿಗೆ ಗಾಂಜಾವೇ ಕಾರಣವೆಂದಿದ್ದವು; ಮರುಪರಿಶೀಲನೆಯಲ್ಲಿ 98 ಮಾತ್ರ ಉಳಿದವು. ಮಿತಸೇವನೆಯಿಂದ ಹಾನಿಯಿಲ್ಲ, ಅತಿಸೇವನೆಯಿಂದ ಹಾನಿಯುಂಟು ಎಂಬುದು ಆಯೋಗದ ನಿಲುವು. ಆದರೆ ಕೃಷಿ ನಿಯಂತ್ರಣ, ತೆರಿಗೆ, ಅಂಗಡಿಗಳ ಮಿತಿ ಎಂಬ ಅದರ ಪ್ರಮುಖ ಶಿಫಾರಸುಗಳಲ್ಲಿ, ಆ ಮಿತಿ ಯಾವುದೆಂದು ಕೊಳ್ಳುವವನಿಗೆ ತಿಳಿಸುವ ಹೊಣೆಗೆ ಸ್ಥಾನ ದೊರೆಯಲಿಲ್ಲ.

1985ರ ಮಾದಕವಸ್ತು ಕಾಯ್ದೆಯು ಗಾಂಜಾ ಮತ್ತು ಚರಸ್‌ಗಳನ್ನು ನಿಷೇಧಿಸಿತು. ಹೂದುದಿಯಿಲ್ಲದ ಎಲೆ ಹಾಗೂ ಬೀಜಗಳು ಗಾಂಜಾದ ವ್ಯಾಖ್ಯೆಯಿಂದ ಹೊರಗುಳಿದವು. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜಾಮೀನು ಪ್ರಕರಣವೊಂದರಲ್ಲಿ, ಭಾಂಗ್ ನಿಷೇಧಿತವೆಂದು ಆ ಕಾಯ್ದೆಯಲ್ಲಿ ಹೇಳಿಲ್ಲವೆಂದೂ ಅದು ಲಸ್ಸಿ ಅಂಗಡಿಗಳಲ್ಲಿ, ವ್ಯಾಪಾರನಾಮಗಳೊಡನೆ ಮಾರಾಟವಾಗುತ್ತದೆಂದೂ ಗಮನಿಸಿತು. ವ್ಯಾಪಾರನಾಮವಿದ್ದಲ್ಲಿ ತಯಾರಕನೂ ಇರುತ್ತಾನೆ; ಅಲ್ಲಿಗೆ ಹೊಣೆಯ ಪ್ರಶ್ನೆಯೂ ಏಳುತ್ತದೆ.

ಈ ಸಂದರ್ಭದಲ್ಲಿ ತಂಬಾಕಿನ ಉದಾಹರಣೆ ಉಪಯುಕ್ತ. ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯನ್ನು 1975ರ ಕಾಯ್ದೆ ಕಡ್ಡಾಯಗೊಳಿಸಿತು. 2009ರಲ್ಲಿ ಚಿತ್ರ ಎಚ್ಚರಿಕೆಗಳು ಜಾರಿಗೆ ಬಂದವು. ಪೊಟ್ಟಣದ ಶೇ. 85 ಭಾಗವನ್ನು ಎಚ್ಚರಿಕೆಗೆ ಮೀಸಲಿಟ್ಟ ನಿಯಮವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಗಾಂಜಾ ಮಾರಾಟವನ್ನು 2018ರಲ್ಲಿ ಕಾನೂನುಬದ್ಧಗೊಳಿಸಿದ ಕೆನಡಾ ಪೊಟ್ಟಣದ ಮೇಲೆ ಆರೋಗ್ಯ ಎಚ್ಚರಿಕೆಯನ್ನು ಆರಂಭದಿಂದಲೇ ಕಡ್ಡಾಯಗೊಳಿಸಿತು.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮಿನಂತೆ, ಸಾಕಷ್ಟು ಸೂಚನೆ ಅಥವಾ ಎಚ್ಚರಿಕೆ ನೀಡದ ತಯಾರಕನು ಹಾನಿಗೆ ಹೊಣೆಗಾರ. ಆದರೆ ಎಲ್ಲರಿಗೂ ತಿಳಿದಿರುವ ಅಪಾಯದ ಬಗ್ಗೆ ಎಚ್ಚರಿಸದಿದ್ದುದಕ್ಕೆ ಹೊಣೆಯಿಲ್ಲವೆಂದು 87ನೆಯ ಕಲಮು ಹೇಳುತ್ತದೆ. ಭಂಗಿ ಅಮಲೇರಿಸುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಕುಡಿದ ಭಂಗಿಯ ಅಮಲು ಸೇದಿದ ಗಾಂಜಾದಂತೆ ಕೂಡಲೇ ಏರದು. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ತಡವಾಗಬಹುದು. ಏನೂ ಆಗಲಿಲ್ಲವೆಂದು ಮತ್ತೊಂದು ಲೋಟ ಕುಡಿದವನು ವಾಹನ ಹತ್ತಿದರೆ, ಅಮಲು ಅವನನ್ನು ಹೆದ್ದಾರಿಯಲ್ಲಿ ಹಿಡಿಯುತ್ತದೆ. ಇದು ಎಲ್ಲರಿಗೂ ತಿಳಿದ ಅಪಾಯವೆಂದು ಹೇಳಲಾಗದು.

ಝಳಕಿಯಂತಹ ಹೆದ್ದಾರಿಯ ಊರುಗಳಿಗೆ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. 1878ರಿಂದ ಇಂದಿನವರೆಗಿನ ಕಾನೂನು ಎಷ್ಟು ಮಾರಬಹುದು, ಏನನ್ನು ಮಾರಬಾರದು ಎಂಬುದನ್ನು ವಿಸ್ತಾರವಾಗಿ ನಿರ್ಧರಿಸಿದೆ. ಮಾರುವಾಗ ಏನನ್ನು ಹೇಳಲೇಬೇಕು ಎಂಬ ಪ್ರಶ್ನೆಗೆ ಭಂಗಿಯ ಮಟ್ಟಿಗೆ ಸ್ಪಷ್ಟ ಉತ್ತರ ದೊರೆಯಬೇಕಾಗಿದೆ.