ಅತ್ತರ್, ಸಬ್ಜಾ ಮತ್ತು ಜುಮಾದ ಸಫ್

ಜುಮಾದ ದಿನ ಸ್ನಾನ ಮಾಡಿ, ಮಿಸ್ವಾಕ್ ಮಾಡಿ, ಮನೆಯಲ್ಲಿದ್ದ ಸುಗಂಧ ಹಚ್ಚಿಕೊಂಡು ಮಸೀದಿಗೆ ಬರುವುದು ಸುನ್ನತ್. ಯಾರಾದರೂ ರೈಹಾನ್ ಕೊಟ್ಟರೆ ಬೇಡವೆನ್ನಬಾರದು, ಅದು ಹೊರಲು ಹಗುರ, ಪರಿಮಳವೂ ಒಳ್ಳೆಯದು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ರೈಹಾನ್ ಎಂದರೆ ಸುವಾಸನೆಯ ಗಿಡ. ನಮ್ಮ ಸಬ್ಜಾ, ಅಂದರೆ ಕಾಮಕಸ್ತೂರಿಯೂ ಅದೇ.

ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯನ್ನು ಅಂಕುಶ್ ಖಾನ್ 1617ರಲ್ಲಿ ಕಟ್ಟಿಸಿದರು. ಆಗ ಬಿಜಾಪುರದ ಗಾದಿಯಲ್ಲಿದ್ದವರು ಎರಡನೇ ಇಬ್ರಾಹೀಮ್ ಆದಿಲ್ ಶಾಹ್ (1580–1627). ಅದೇ ಸುಲ್ತಾನರಿಗಾಗಿ ನಿಝಾಮುದ್ದೀನ್ ಮಹ್ಮೂದ್ ಎಂಬವರು ‘ಇತ್ರ್-ಎ-ನೌರಸ್ ಶಾಹಿ’ ಎಂಬ ಫಾರಸಿ ಗ್ರಂಥ ಬರೆದರು. ಇಡೀ ಗ್ರಂಥದ ವಿಷಯ ಸುಗಂಧವೇ! ಕಸ್ತೂರಿ, ಅಂಬರ್, ಊದ್ ದರ್ಬಾರಿನ ಮಾತಾಯಿತು. ಹೊಲದಿಂದ ನೇರ ನಮಾಝ್‌ಗೆ ಬರುವ ಶಿರಹಟ್ಟಿ, ಮುಂಡರಗಿಯ ರೈತನಿಗೆ ಹಿತ್ತಲ ಸಬ್ಜಾ ಸಾಕು.

ಇದನ್ನು ನಾವು ತಡವಾಗಿ ಕಲಿತೆವು. ಕಳೆದ ಬೇಸಿಗೆಯ ಒಂದು ಜುಮಾಕ್ಕೆ ಗಾಢವಾದ ಊದ್ ಹಚ್ಚಿಕೊಂಡು ಹೋದೆವು. ಮೊದಲ ಸಫ್‌ನಲ್ಲಿದ್ದ, ದಮ್ಮಿನ ತೊಂದರೆಯಿರುವ ಚಾಚಾ ಒಬ್ಬರು ಕೆಮ್ಮುತ್ತ ಹಿಂದಕ್ಕೆ ಸರಿದರು. ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಮಿಂಬರಿನಿಂದ ಹೇಳುವವರೂ ನಾವೇ.

ಈಗ ಲಾವಂಚದ ಅತ್ತರ್ ಒಂದೇ ಹನಿ, ಅದರ ಮೇಲೆ ನಿಂಬೆಯ ಅತ್ತರ್ ತುಸು. ನಿಂಬೆಯ ಪರಿಮಳ ಬೇಗ ಹಾರಿಹೋಗುತ್ತದೆ, ಲಾವಂಚ ನಿಲ್ಲುತ್ತದೆ. (ನಿಂಬೆರಸವನ್ನೇ ಮೈಗೆ ಹಚ್ಚಿ ಬಿಸಿಲಿಗೆ ಹೋಗಬೇಡಿ, ಚರ್ಮ ಸುಡುತ್ತದೆ.) ಮಣಿಗಂಟಿಗೆ, ಕಿವಿಯ ಹಿಂದೆ ಸವರಿದರಾಯಿತು, ಜುಬ್ಬಾ ತೋಯಬೇಕಿಲ್ಲ.

ಚಾಚಾ ಮತ್ತೆ ಮೊದಲ ಸಫ್‌ಗೆ ಬಂದಿದ್ದಾರೆ. ಹೋದ ಶುಕ್ರವಾರ ಸಲಾಮ್ ಹೇಳಿ, ಹಿತ್ತಲಿನ ಸಬ್ಜಾದ ಒಂದು ಕಡ್ಡಿ ನಮ್ಮ ಕೈಗಿಟ್ಟರು. ತೆಗೆದುಕೊಂಡೆವು.