ಅಟಾರಿ 2600: 128 ಬೈಟ್ ಸ್ಮೃತಿಯಲ್ಲಿ ಅರಳಿದ ಆಟಗಳು

ಅಮೆರಿಕದ ಅಟಾರಿ ಸಂಸ್ಥೆಯು 1977ರಲ್ಲಿ ಮಾರುಕಟ್ಟೆಗೆ ತಂದ ಮನೆಬಳಕೆಯ ವಿಡಿಯೋ ಗೇಮ್ ಯಂತ್ರವೇ ಅಟಾರಿ 2600. ಟಿ.ವಿ.ಗೆ ಜೋಡಿಸಿ, ಬೇಕಾದ ಆಟದ ಕಾರ್ಟ್ರಿಜ್ ಸಿಕ್ಕಿಸಿದರೆ ಆಟ ಸಿದ್ಧ. ಆಡುವವರಿಗೆ ಇಷ್ಟು ಸರಳವಾಗಿದ್ದ ಈ ಯಂತ್ರವು ಆಟ ರಚಿಸುವ ಪ್ರೋಗ್ರಾಮರ್‌ಗಳ ಪಾಲಿಗೆ ಕಠಿಣ ಪರೀಕ್ಷೆಯಾಗಿತ್ತು.

ಚಿತ್ರಕ್ಕೆ ಸ್ಥಳವಿಲ್ಲ

ಯಂತ್ರದ 6507 ಪ್ರೊಸೆಸರ್‌ನ ವೇಗ ಸುಮಾರು 1.19 ಮೆಗಾಹರ್ಟ್ಸ್. ತಾತ್ಕಾಲಿಕ ಸ್ಮೃತಿ, ಅಂದರೆ ರ‍್ಯಾಮ್, ಕೇವಲ 128 ಬೈಟ್. ಕಾರ್ಟ್ರಿಜ್‌ನಿಂದ ನೇರವಾಗಿ ಓದಲು ಸಾಧ್ಯವಿದ್ದುದು 4 ಕಿಲೋಬೈಟ್. ಪರದೆಯಲ್ಲಿ ಅಡ್ಡಲಾಗಿ 160, ಉದ್ದಕ್ಕೆ ಸುಮಾರು 192 ಚುಕ್ಕೆಗಳು. ಬಣ್ಣದ ಮಾತು ಬಿಟ್ಟು, ಚುಕ್ಕೆಗೆ ಒಂದೇ ಬಿಟ್‌ನಂತೆ ಲೆಕ್ಕ ಹಾಕಿದರೂ ಒಂದು ಚಿತ್ರಕ್ಕೆ 3,840 ಬೈಟ್ ಬೇಕು. ಇದು ಲಭ್ಯವಿದ್ದ ಸ್ಮೃತಿಯ 30 ಪಟ್ಟು. ಹೀಗಾಗಿ ಇಡೀ ಚಿತ್ರವನ್ನು ಸಂಗ್ರಹಿಸಿಟ್ಟು ತೋರಿಸುವುದು ಅಸಾಧ್ಯವಾಗಿತ್ತು.

ಕಿರಣದೊಡನೆ ಓಟ

ಹಳೆಯ ಟಿ.ವಿ.ಗಳಲ್ಲಿ ಎಲೆಕ್ಟ್ರಾನ್ ಕಿರಣವು ಪರದೆಯನ್ನು ಗೆರೆಗೆರೆಯಾಗಿ ಬೆಳಗಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಬಾರಿ, ಪ್ರತಿ ಬಾರಿಯೂ 262 ಗೆರೆಗಳು. ಒಂದು ಗೆರೆ ಮುಗಿಯುವಷ್ಟರಲ್ಲಿ ಪ್ರೊಸೆಸರ್‌ಗೆ ದೊರೆಯುತ್ತಿದ್ದುದು 76 ಸೈಕಲ್‌ಗಳು ಮಾತ್ರ. ಒಂದೊಂದು ಆದೇಶಕ್ಕೂ ಕನಿಷ್ಠ 2 ಸೈಕಲ್ ವೆಚ್ಚವಾಗುತ್ತಿತ್ತು. ಅಷ್ಟರೊಳಗೆ ಆ ಗೆರೆಯ ಆಕಾರ, ಬಣ್ಣಗಳನ್ನು ಟಿಐಎ ಎಂಬ ಚಿಪ್‌ಗೆ ತಿಳಿಸಬೇಕಿತ್ತು.

ಆಕೃತಿಯು ಎಡದಿಂದ ಎಷ್ಟನೇ ಚುಕ್ಕೆಯಲ್ಲಿ ನಿಲ್ಲಬೇಕೆಂದು ಅಂಕಿಯಲ್ಲಿ ಸೂಚಿಸುವ ಅನುಕೂಲವೂ ಇರಲಿಲ್ಲ. ಕಿರಣವು ಆ ಸ್ಥಳವನ್ನು ತಲುಪಿದ ಕ್ಷಣದಲ್ಲೇ ಆದೇಶ ಹೊರಡಬೇಕಿತ್ತು. ಲೆಕ್ಕ ಒಂದು ಸೈಕಲ್ ತಪ್ಪಿದರೆ ಆಕೃತಿ ಮೂರು ಚುಕ್ಕೆ ಸರಿದುಬಿಡುತ್ತಿತ್ತು. ಜಾಯ್‌ಸ್ಟಿಕ್ ಗಮನಿಸುವುದು, ಆಟದ ನಿಯಮಗಳನ್ನು ಅನ್ವಯಿಸುವುದು ಮೊದಲಾದ ಕೆಲಸಗಳಿಗೆ ಚಿತ್ರದ ಮೇಲೆ, ಕೆಳಗೆ ಇರುವ ಕಾಣದ ಗೆರೆಗಳ ಬಿಡುವೇ ಗತಿಯಾಗಿತ್ತು.

ಸರದಿ ಮತ್ತು ಸೂತ್ರ

ಟಿಐಎ ಒದಗಿಸುತ್ತಿದ್ದುದು ಎರಡು ಆಟಗಾರ ಆಕೃತಿಗಳು, ಎರಡು ಕ್ಷಿಪಣಿಗಳು ಹಾಗೂ ಒಂದು ಚೆಂಡು. ಆದ್ದರಿಂದ 1982ರ ‘ಪ್ಯಾಕ್-ಮ್ಯಾನ್’ ಆವೃತ್ತಿಯಲ್ಲಿ ನಾಲ್ಕು ದೆವ್ವಗಳನ್ನು ಸರದಿಯಂತೆ ತೋರಿಸಲಾಯಿತು. ಪರಿಣಾಮವಾಗಿ ಅವು ಮಿನುಗಿದವು. ಆಟ ಲಕ್ಷಾಂತರ ಸಂಖ್ಯೆಯಲ್ಲಿ ಮಾರಾಟವಾದರೂ ಈ ಮಿನುಗು ಟೀಕೆಗೆ ಗುರಿಯಾಯಿತು.

ಅದೇ ವರ್ಷ ಡೇವಿಡ್ ಕ್ರೇನ್ ರಚಿಸಿದ ‘ಪಿಟ್‌ಫಾಲ್’ ಆಟದಲ್ಲಿ 255 ಕಾಡಿನ ದೃಶ್ಯಗಳಿವೆ. ಅವು ಒಂದೊಂದಾಗಿ ಕಾರ್ಟ್ರಿಜ್‌ನಲ್ಲಿ ದಾಖಲಾಗಿಲ್ಲ. ಒಂದೇ ಬೈಟ್‌ನ ಸಂಖ್ಯೆಯನ್ನು ನಿರ್ದಿಷ್ಟ ಸೂತ್ರದಂತೆ ಬದಲಿಸುತ್ತಾ, ಅದರ ಬಿಟ್‌ಗಳಿಂದಲೇ ಮರ, ಹೊಂಡ, ನಿಧಿಗಳನ್ನು ನಿರ್ಧರಿಸಲಾಗುತ್ತದೆ. ಸೂತ್ರವನ್ನು ಹಿಮ್ಮುಖವಾಗಿಸಿದರೆ ಹಿಂದಿನ ದೃಶ್ಯ ಮರಳುತ್ತದೆ.

ಹೆಸರು ಮತ್ತು ಅವಧಿ

ಇಷ್ಟು ಶ್ರಮಿಸಿದವರ ಹೆಸರನ್ನು ಅಟಾರಿ ಆಗ ಪ್ರಕಟಿಸುತ್ತಿರಲಿಲ್ಲ. ವಾರೆನ್ ರಾಬಿನೆಟ್ ತಮ್ಮ ‘ಅಡ್ವೆಂಚರ್’ ಆಟದ ಗುಪ್ತ ಕೋಣೆಯೊಂದರಲ್ಲಿ ಹೆಸರನ್ನು ಅಡಗಿಸಿಟ್ಟರು. ಕ್ರೇನ್ ಸೇರಿದಂತೆ ಅಸಮಾಧಾನಗೊಂಡ ಪ್ರೋಗ್ರಾಮರ್‌ಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಸ್ಥಾಪನೆಗೆ ಕಾರಣರಾದರು.

ಸ್ಮೃತಿಯ ಅಭಾವಕ್ಕೆ ಯುಕ್ತಿ ದೊರೆಯಿತಾದರೂ ಕಾಲದ ಅಭಾವಕ್ಕೆ ದೊರೆಯಲಿಲ್ಲ. 1982ರ ಕ್ರಿಸ್‌ಮಸ್ ಮಾರಾಟಕ್ಕಾಗಿ ಹೋವರ್ಡ್ ಸ್ಕಾಟ್ ವಾರ್ಷಾ ‘ಇ.ಟಿ.’ ಆಟವನ್ನು ಸುಮಾರು ಐದು ವಾರಗಳಲ್ಲಿ ಮುಗಿಸಬೇಕಾಯಿತು. ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ಕೆಲವನ್ನು ಇತರ ಆಟಗಳೊಂದಿಗೆ 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮಗಾರ್ಡೊ ಬಳಿ ಹೂಳಲಾಯಿತು. 2014ರ ಉತ್ಖನನದಲ್ಲಿ ಅವು ಹೊರಬಂದವು.

ಯಂತ್ರದ ತಯಾರಿಕೆ 1992ರಲ್ಲಿ ನಿಂತಿತು. ಹವ್ಯಾಸಿಗಳು ಇಂದಿಗೂ ಇದಕ್ಕೆ ಹೊಸ ಆಟಗಳನ್ನು ಬರೆಯುತ್ತಿದ್ದಾರೆ; ಆ 76 ಸೈಕಲ್‌ಗಳ ಲೆಕ್ಕ ಅವರನ್ನೂ ಬಿಟ್ಟಿಲ್ಲ.